ಒಗರಿನ ಲೆಕ್ಕ: ವೈನ್ ರುಚಿ ನೋಡಲು ಕಲಿತ ಮೂರು ತಿಂಗಳ ದಾಖಲೆ

ಜನವರಿ, ಎರಡನೆಯ ಭಾನುವಾರ

ದೊಡ್ಡಬಳ್ಳಾಪುರದ ಆಚೆ, ನಂದಿಬೆಟ್ಟ ಎದುರಿಗೇ ಕಾಣುವ ಒಂದು ವೈನರಿಗೆ ತಂಗಿಯೊಡನೆ ಮೊದಲ ಬಾರಿ ಹೋಗಿಬಂದೆ. ರುಚಿ ನೋಡುವುದೇ ಉದ್ದೇಶವಾಗಿದ್ದುದರಿಂದ ಸ್ವಂತ ವಾಹನ ಬಿಟ್ಟು ಬಾಡಿಗೆ ಕಾರಿನಲ್ಲಿ ಹೋದೆವು. ಈ ಕಲಿಕೆಗೆ ಇಳಿಯುವ ಯಾರೂ ಮೊದಲು ಮಾಡಬೇಕಾದ ಏರ್ಪಾಡು ಇದೇ ಎಂದು ನಾನು ನಂಬಿದ್ದೇನೆ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ಕ್ರಿಸ್‌ಮಸ್ ಹೊತ್ತಿಗೆ ಭರಣಿಯಲ್ಲಿ ವೈನ್ ಹಾಕುವ ಬೆಂಗಳೂರಿನ ಮನೆಗಳು ಅದನ್ನೇ ನೆಚ್ಚಿಕೊಂಡಿವೆ. ಆದರೆ ಅದು ಲಾಬ್ರಸ್ಕಾ ಎಂಬ ಅಮೆರಿಕದ ಮೂಲದ ದ್ರಾಕ್ಷಿ ಬಳಗಕ್ಕೆ ಸೇರಿದ್ದು. ವೈನರಿಗಳಲ್ಲಿ ಸಿಗುವ ಶಿರಾಜ್, ಕ್ಯಾಬರ್ನೆ ಸೊವಿನ್ಯೋನ್, ಸೊವಿನ್ಯೋನ್ ಬ್ಲಾಂಕ್, ವಿಯೋನಿಯೆಗಳೆಲ್ಲ ಯುರೋಪಿನ ವಿನಿಫೆರಾ ಜಾತಿಯವು. ಕನ್ವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದಾಗಿ ಈ ತಳಿಗಳು ನಂದಿಯ ತಪ್ಪಲಿನಲ್ಲಿ ನೆಲೆಯೂರಿದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಚಳಿಗಾಲದ ರಾತ್ರಿಗಳು ತಣ್ಣಗಿರುವುದರಿಂದ ಹಣ್ಣು ಮಾಗುವಾಗ ಹುಳಿ ಒಮ್ಮೆಲೇ ಇಳಿದುಹೋಗುವುದಿಲ್ಲ. ಇಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರುತ್ತಾರೆ: ಬೇಸಗೆಯಲ್ಲಿ ಕೊಂಬೆ ಬೆಳೆಸಲು ಒಮ್ಮೆ, ಮಳೆಗಾಲ ಮುಗಿಯುವಾಗ ಹಣ್ಣಿಗಾಗಿ ಮತ್ತೊಮ್ಮೆ. ಎರಡು ಸವರಿಕೆಯಿದ್ದರೂ ಬೆಳೆ ಒಂದೇ.

ಟ್ಯಾಂಕುಗಳ ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ಆಳೆತ್ತರ ಮೀರಿದ ಸ್ಟೀಲ್ ಟ್ಯಾಂಕಿನ ಹೊಟ್ಟೆಯ ಸುತ್ತ ತಣ್ಣೀರಿನ ಪಟ್ಟಿ ಹಾದುಹೋಗಿತ್ತು, ಅದರ ಮೇಲೆ ಬೆವರಿನಂತೆ ಹನಿಗಳು ಕೂತಿದ್ದವು, ಪಕ್ಕದ ಪುಟ್ಟ ಪರದೆಯಲ್ಲಿ 14 ಡಿಗ್ರಿ ಎಂದಿತ್ತು. ಬಿಳಿ ವೈನಿಗೆ ಹಣ್ಣನ್ನು ಮೊದಲು ಹಿಂಡಿ, ಸಿಪ್ಪೆ ತೆಗೆದು, ಬರಿಯ ರಸವನ್ನು ಹೀಗೆ ತಣ್ಣಗೆ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ, ಬೀಜಗಳೊಂದಿಗೇ 25ರಿಂದ 30 ಡಿಗ್ರಿಯಲ್ಲಿ ಹುದುಗಿಸುತ್ತಾರೆ. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಆ ಸಿಪ್ಪೆ, ಬೀಜಗಳಿಂದ.

ರುಚಿ ನೋಡುವ ಮೇಜಿನಲ್ಲಿ ನಾನು ಎರಡು ತಪ್ಪು ಮಾಡಿದೆ. ಭಾನುವಾರವೆಂದು ಮುಡಿದಿದ್ದ ಮಲ್ಲಿಗೆ ಮೊದಲನೆಯದು. ಗ್ಲಾಸನ್ನು ಮೂಗಿನ ಬಳಿ ತಂದಾಗಲೆಲ್ಲ ಮಲ್ಲಿಗೆಯೇ ಮುಂದೆ ಬಂದು ನಿಲ್ಲುತ್ತಿತ್ತು, ಐದೂ ವೈನುಗಳು ನನ್ನ ಪಾಲಿಗೆ ಒಂದೇ ಕಂಪಿನವಾದವು. ಎರಡನೆಯದು, ಸುರಿದದ್ದನ್ನೆಲ್ಲ ಕುಡಿದುಬಿಟ್ಟದ್ದು. ಮೇಜಿನ ಮೇಲೆ ಉಗುಳುವ ಪಾತ್ರೆ ಇತ್ತು, ಆದರೆ ಎಂಜಲಿನ ಸಂಕೋಚದಿಂದ ನಾವಿಬ್ಬರೂ ಅದನ್ನು ಮುಟ್ಟಲಿಲ್ಲ. ಮೂರನೆಯ ಗ್ಲಾಸಿನ ನಂತರ ನಾಲಿಗೆ ದಣಿದು, ಮಾತು ಮಾತ್ರ ಹೆಚ್ಚಾಯಿತು. ಮನೆಗೆ ಬಂದು ಪುಸ್ತಕ ತೆರೆದರೆ ಬರೆದಿಟ್ಟದ್ದು ಒಂದೇ ಸಾಲು: 'ಕೆಂಪು ವೈನಿನಲ್ಲಿ ಬ್ಲ್ಯಾಕ್‌ಕರೆಂಟ್ ಪರಿಮಳ.' ಅದು ಮಾರ್ಗದರ್ಶಕರು ಹೇಳಿದ ಮಾತು. ಆ ಹಣ್ಣನ್ನು ನಾನು ತಿಂದದ್ದಿರಲಿ, ಕಂಡದ್ದೂ ಇಲ್ಲ.

ತಿಳಿಯದ ಹಣ್ಣಿನ ಹೆಸರಿನಲ್ಲಿ ತಿಳಿಯದ ವೈನನ್ನು ಗುರುತಿಸಲಾಗದು. ಆದ್ದರಿಂದ ನನ್ನ ಅಡುಗೆಮನೆ ಮತ್ತು ಹಿತ್ತಲಿನ ಮಾತುಗಳಲ್ಲೇ ವೈನನ್ನು ಗುರುತಿಸಲು ಕಲಿತು, ಸುಗ್ಗಿಯ ಹೊತ್ತಿಗೆ ಅದೇ ವೈನರಿಗೆ ಮತ್ತೆ ಹೋಗುವುದೆಂದು ನಿರ್ಧರಿಸಿದೆ.

ಜನವರಿ, ಕೊನೆಯ ವಾರ

ಮೊದಲು ಒಗರು. ಕನ್ನಡದಲ್ಲಿ ಬೆಳೆದವರಿಗೆ ಇದೊಂದು ದೊಡ್ಡ ಅನುಕೂಲವೆಂದು ನನಗೆ ತೋರುತ್ತದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಸಾಲಿನಲ್ಲಿ ಒಗರನ್ನೂ ಇಟ್ಟು ಷಡ್ರಸವೆಂದು ಎಣಿಸುವ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಗೇರುಹಣ್ಣು ಕಚ್ಚಿದ ಮಗುವಿಗೂ ಗೊತ್ತು. ಒಗರು ನಾಲಿಗೆಯ ರುಚಿಗಿಂತ ಹೆಚ್ಚಾಗಿ ಸ್ಪರ್ಶ ಎಂಬುದು ವಿಜ್ಞಾನದ ವಿವರಣೆ: ಸಿಪ್ಪೆ, ಬೀಜ, ಚಹದ ಎಲೆಗಳಲ್ಲಿರುವ ಒಗರಿನ ವಸ್ತುಗಳಾದ ಟ್ಯಾನಿನ್ನುಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಿತ್ತುಕೊಳ್ಳುತ್ತವೆ, ನಾಲಿಗೆಗೆ ಬಾಯಿಯ ಅಂಗಳವೇ ಒರಟಾಗಿ ತಗುಲುತ್ತದೆ.

ಇದನ್ನು ಅಳೆಯಲು ವೈನ್ ಬೇಕಿಲ್ಲ, ಚಹ ಸಾಕು. ನಾಲ್ಕು ಲೋಟಗಳಲ್ಲಿ ಸಮನಾಗಿ ಎಲೆಚಹ ಹಾಕಿ, ತಲಾ 200 ಮಿಲಿಲೀಟರ್ ಕುದಿನೀರು ಸುರಿದು, ಒಂದು, ಮೂರು, ಆರು ಮತ್ತು ಹನ್ನೆರಡು ನಿಮಿಷಗಳ ನಂತರ ಸೋಸಿಟ್ಟೆ. ಹಾಲು, ಸಕ್ಕರೆ ಹಾಕಲಿಲ್ಲ. ಮೂರು ನಿಮಿಷದ್ದು ಒಸಡಿನ ಒಳಬದಿಯಲ್ಲಿ ಮಾತ್ರ ಹಿಡಿಯಿತು. ಹನ್ನೆರಡು ನಿಮಿಷದ್ದನ್ನು ಗುಟುಕರಿಸಿದಾಗ ಮೇಲ್ತುಟಿ ಹಲ್ಲಿಗೆ ಅಂಟಿಕೊಂಡು, ನಾಲಿಗೆಯ ಮೇಲೆ ಖಾದಿ ಬಟ್ಟೆ ಹಾಸಿದಂತಾಯಿತು. ಅದೇ ಲೋಟಕ್ಕೆ ಎರಡು ಚಮಚ ಹಾಲು ಬೆರೆಸಿದ ಕೂಡಲೇ ಒಗರು ಅರ್ಧಕ್ಕರ್ಧ ಕರಗಿತು. ಟ್ಯಾನಿನ್ನುಗಳು ಜೊಲ್ಲನ್ನು ಬಿಟ್ಟು ಹಾಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಕೆಂಪು ವೈನಿನ ಜೊತೆ ಚೀಸ್ ಏಕೆ ಇಡುತ್ತಾರೆಂಬುದು ನನಗೆ ಅರ್ಥವಾದದ್ದು ಆ ಚಹದ ಲೋಟದಿಂದ. ಪ್ರತಿ ಗುಟುಕಿಗೂ ಒಗರು ಏರುತ್ತಾ ಹೋಗುವುದನ್ನೂ ಗಮನಿಸಿದೆ. ನಡುವೆ ನೀರು ಕುಡಿದು, ಒಂದು ತುಂಡು ಬ್ರೆಡ್ ತಿಂದು ಕಾಯದಿದ್ದರೆ, ಎರಡನೆಯ ವೈನಿನ ಮೇಲೆ ಮೊದಲನೆಯ ವೈನಿನ ಲೆಕ್ಕವೂ ಬೀಳುತ್ತದೆ.

ಈಗ ನನ್ನ ಪುಸ್ತಕದಲ್ಲಿ ಒಗರಿಗೆ ನಾಲ್ಕು ಮೆಟ್ಟಿಲುಗಳಿವೆ: ದಾಳಿಂಬೆ ಕಾಳಿನ ಒಗರು, ನೇರಳೆಯ ಒಗರು, ಗೇರುಹಣ್ಣಿನ ಒಗರು, ಎಳೆ ಅಡಿಕೆಯ ಒಗರು.

ಫೆಬ್ರುವರಿ, ಮೊದಲೆರಡು ವಾರ

ಹುಳಿಯ ಪಾಠ ನಾನು ಎಣಿಸಿದ್ದಕ್ಕಿಂತ ಹತ್ತಿರದಲ್ಲೇ ಸಿಕ್ಕಿತು. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ಹುಣಸೆಯದೂ ಅದೇ. ದಿನವೂ ಸಾರಿಗೆ ಹುಣಸೆ ಕಿವುಚುವ ಕೈಗೆ ವೈನಿನ ಬೆನ್ನೆಲುಬು ಮೊದಲೇ ಪರಿಚಿತವೆಂದಾಯಿತು. ದ್ರಾಕ್ಷಿಯಲ್ಲಿರುವ ಇನ್ನೊಂದು ಆಮ್ಲ ಸೇಬಿನ ಮ್ಯಾಲಿಕ್. ಕೆಂಪು ವೈನುಗಳಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳು ಅದನ್ನು ಮೊಸರಿನ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಸಿ ಸೇಬಿನ ತುಂಡನ್ನೂ ಒಂದು ಚಮಚ ಮೊಸರನ್ನೂ ಒಂದರ ಹಿಂದೊಂದು ಬಾಯಿಗಿಟ್ಟು ನೋಡಿದರೆ ಆ ವ್ಯತ್ಯಾಸ ತಿಳಿಯುತ್ತದೆ: ಸೇಬಿನ ಹುಳಿ ನಾಲಿಗೆಯ ಅಂಚನ್ನು ಚುಚ್ಚುತ್ತದೆ, ಮೊಸರಿನದು ಮಧ್ಯದಲ್ಲಿ ಮೆತ್ತಗೆ ಕೂರುತ್ತದೆ.

ಸಿಹಿ ಮೋಸ ಮಾಡುತ್ತದೆ ಎಂಬುದನ್ನೂ ಇಲ್ಲೇ ಕಲಿತೆ. ಒಂದೇ ಅಳತೆಯ ನಿಂಬೆರಸ ಬೆರೆಸಿದ ಎರಡು ಲೋಟ ನೀರಿನಲ್ಲಿ ಒಂದಕ್ಕೆ ಸಕ್ಕರೆ ಹಾಕಿದರೆ ಅದರ ಹುಳಿ ಕಡಿಮೆಯೆನಿಸುತ್ತದೆ, ಆದರೆ ಬಾಯಲ್ಲಿ ನೀರೂರುವುದು ಎರಡಕ್ಕೂ ಸಮನಾಗಿಯೇ. ಅಂದಿನಿಂದ ಹುಳಿಯನ್ನು ನಾಲಿಗೆಯಿಂದ ಅಳೆಯದೆ, ನುಂಗಿದ ಅಥವಾ ಉಗುಳಿದ ಮೇಲೆ ಎಷ್ಟು ನೀರೂರಿತೆಂಬುದರಿಂದ ಅಳೆಯುತ್ತಿದ್ದೇನೆ.

ಫೆಬ್ರುವರಿ, ಕೊನೆಯ ವಾರ

ಮೂಗಿನ ಅಭ್ಯಾಸಕ್ಕೆ ಹನ್ನೆರಡು ಸಣ್ಣ ಡಬ್ಬಿಗಳನ್ನು ಮಾಡಿಕೊಂಡೆ: ಕರಿಮೆಣಸು, ಲವಂಗ, ಏಲಕ್ಕಿ, ಜೋನಿಬೆಲ್ಲ, ಕಾಫಿಪುಡಿ, ನಿಂಬೆಸಿಪ್ಪೆ, ಸೀಬೆ, ಅನಾನಸ್, ದೊಣ್ಣೆಮೆಣಸಿನಕಾಯಿ, ಸಂಪಿಗೆ, ಒಣದ್ರಾಕ್ಷಿ, ನೆನೆದ ರಟ್ಟು. ಕೊನೆಯದು ರುಚಿಗಲ್ಲ, ದೋಷ ಗುರುತಿಸಲು. ಕಾರ್ಕ್ ಕೆಟ್ಟ ವೈನಿಗೆ ನೆನೆದ ರಟ್ಟಿನ ವಾಸನೆ ಬರುತ್ತದೆ. ತಂಗಿ ನನ್ನ ಕಣ್ಣು ಕಟ್ಟಿ ಒಂದೊಂದೇ ಡಬ್ಬಿ ಹಿಡಿದಳು. ಮೊದಲ ದಿನ ಏಳನ್ನು ಮಾತ್ರ ಹೇಳಿದೆ. ಲವಂಗ ಮೂಗಿಗೆ ಬಂದಾಗ ಅಜ್ಜಿಯ ಹಲ್ಲುನೋವು ಕಣ್ಣ ಮುಂದೆ ಬಂತು, ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ವಾಸನೆಗೂ ಮಾತಿಗೂ ನಡುವೆ ಹೀಗೊಂದು ಕಂದಕವಿದೆ, ಅಭ್ಯಾಸವೊಂದೇ ಅದನ್ನು ದಾಟಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಹನ್ನೊಂದಕ್ಕೆ ಬಂದೆ.

ಈ ಡಬ್ಬಿಗಳು ಬರಿಯ ಹೋಲಿಕೆಗಳಲ್ಲ ಎಂಬುದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಶಿರಾಜಿನಲ್ಲಿ ಮೆಣಸಿನ ಘಾಟು ಬರುವುದು ರೊಟಂಡೋನ್ ಎಂಬ ವಸ್ತುವಿನಿಂದ ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದರು. ಮಲೆನಾಡಿನ ಅಂಗಳದಲ್ಲಿ ಒಣಗುವ ಕರಿಮೆಣಸಿನಲ್ಲಿರುವುದೂ ಅದೇ ವಸ್ತು. ಓಕ್ ಪೀಪಾಯಿ ವೈನಿಗೆ ಕೊಡುವ ಲವಂಗದ ಕಂಪಿನ ಹಿಂದೆ ಇರುವುದು ಲವಂಗದ್ದೇ ಯೂಜಿನಾಲ್. ಐವರಲ್ಲಿ ಸುಮಾರು ಒಬ್ಬರಿಗೆ ರೊಟಂಡೋನ್ ಮೂಗಿಗೆ ಹತ್ತುವುದೇ ಇಲ್ಲವೆಂದೂ ಆ ಸಂಶೋಧಕರು ಕಂಡುಕೊಂಡಿದ್ದರು. ಆದ್ದರಿಂದ ಪಕ್ಕದವರಿಗೆ ಬಂದ ಮೆಣಸಿನ ಕಂಪು ನಮಗೆ ಬಾರದಿದ್ದರೆ ಅದು ಅಭ್ಯಾಸದ ಕೊರತೆಯೇ ಆಗಬೇಕಿಲ್ಲ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ ಅವರು 1980ರ ದಶಕದಲ್ಲಿ ರೂಪಿಸಿದ ಪರಿಮಳ ಚಕ್ರ ವೈನ್ ಕಲಿಯುವವರಿಗೆಲ್ಲ ಆಧಾರ. ಹಣ್ಣು, ಹೂವು, ಮಸಾಲೆ, ಮರ ಎಂದು ಒಳಗಿನಿಂದ ಹೊರಕ್ಕೆ ಕವಲೊಡೆಯುವ ಅದರ ಕ್ರಮವನ್ನು ನಾನು ಹಾಗೆಯೇ ಉಳಿಸಿಕೊಂಡು, ಹೊರಸುತ್ತಿನ ಹೆಸರುಗಳನ್ನು ಮಾತ್ರ ಬದಲಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಬ್ಲ್ಯಾಕ್‌ಕರೆಂಟ್ ಇದ್ದ ಮನೆಗೆ ನೇರಳೆ ಬಂತು. ಎರಡೂ ಒಂದೇ ಅಲ್ಲವೆಂದು ಬಲ್ಲೆ. ಆದರೆ ನೇರಳೆಯೆಂದು ಬರೆದರೆ ನಾಳೆ ಓದಿದಾಗ ನನಗೆ ಏನಾದರೂ ನೆನಪಾಗುತ್ತದೆ.

ಕಣ್ಣಿನ ಹಂಗು ಬಿಡಿಸುವ ಪರೀಕ್ಷೆಯೂ ಆಯಿತು. ಬೋರ್ದೋ ನಗರದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ವರ್ಣಿಸಿದರೆಂಬ ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ನಾನು ಕಣ್ಣು ಕಟ್ಟಿಕೊಂಡು ಮೂರು ಗ್ಲಾಸುಗಳ ಪರೀಕ್ಷೆ ಮಾಡಿದೆ: ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆಯದು, ಬೇರೆಯದನ್ನು ಹುಡುಕಬೇಕು. ಹಲವು ಸಂಜೆಗಳಲ್ಲಿ ಹಂಚಿಕೊಂಡು ಮಾಡಿದ ಹನ್ನೆರಡು ಸುತ್ತುಗಳಲ್ಲಿ ಒಂಬತ್ತು ಸರಿಯಾದವು. ಸುಮ್ಮನೆ ಊಹಿಸಿದ್ದರೆ ಸರಾಸರಿ ನಾಲ್ಕು ಸಿಗಬೇಕಿತ್ತು.

ಮಾರ್ಚ್, ಮೊದಲ ಶನಿವಾರ: ಎರಡನೆಯ ಭೇಟಿ

ಈ ಬಾರಿ ಹೂವಿಲ್ಲ, ಸುಗಂಧವಿಲ್ಲ, ಬೆಳಗಿನ ಕಾಫಿಯೂ ಇಲ್ಲ. ಹೊಟ್ಟೆಗೆ ಮಾತ್ರ ಇಡ್ಲಿ ಬಿದ್ದಿತ್ತು. ಅಂಗಳದಲ್ಲಿ ಶಿರಾಜ್ ಹಣ್ಣಿನ ಕ್ರೇಟುಗಳು ಇಳಿಯುತ್ತಿದ್ದವು. ಕೇಳಿದಾಗ ಒಂದು ಹಣ್ಣು ಕೊಟ್ಟರು. ಕಡಲೆಕಾಳಿಗಿಂತ ತುಸು ದೊಡ್ಡದು, ಸಿಪ್ಪೆ ದಪ್ಪ, ತಿನ್ನುವ ದ್ರಾಕ್ಷಿಗಿಂತ ಎಷ್ಟೋ ಸಿಹಿ. ತಿರುಳು ನುಂಗಿ ಸಿಪ್ಪೆಯನ್ನು ಮಾತ್ರ ಅಗಿಯುತ್ತಾ ಹೋದಂತೆ ಬೆರಳ ತುದಿ ನೇರಳೆಯಾಯಿತು, ಒಸಡಿಗೆ ಗೇರುಹಣ್ಣಿನ ಒಗರು ಹತ್ತಿತು. ಬೀಜವನ್ನು ಕಚ್ಚಿದರೆ ಹಸಿರು ಕಹಿಯಿರಲಿಲ್ಲ, ಹುರಿದ ಕಾಳಿನ ರುಚಿಯಿತ್ತು; ಬೀಜ ಮಾಗಿರುವುದಕ್ಕೆ ಅದೂ ಒಂದು ಗುರುತೆಂದು ಅಲ್ಲಿನವರು ವಿವರಿಸಿದರು.

ಮೇಜಿನಲ್ಲಿ ಉಗುಳುವ ಪಾತ್ರೆಯನ್ನು ನಾನೇ ಹತ್ತಿರಕ್ಕೆ ಎಳೆದುಕೊಂಡೆ. ಎಲೆಯಡಿಕೆ ಮೆಲ್ಲುವವರ ಪಕ್ಕ ಪೀಕದಾನಿ ಇಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ಈಗ ಅನ್ನಿಸುತ್ತದೆ. ಬಿಳಿಯದರಿಂದ ಕೆಂಪಿಗೆ, ಹಗುರದಿಂದ ಗಟ್ಟಿಗೆ ಎಂಬ ಕ್ರಮದಲ್ಲಿ ನಾಲ್ಕು ವೈನ್ ನೋಡಿದೆ. ಪ್ರತಿ ಗ್ಲಾಸನ್ನೂ ಮೊದಲು ಅಲುಗಿಸದೆ ಮೂಸಿ, ಆಮೇಲೆ ಬುಡ ಹಿಡಿದು ಮೇಜಿನ ಮೇಲೆಯೇ ಎರಡು ಸುತ್ತು ತಿರುಗಿಸಿ ಮತ್ತೆ ಮೂಸಿದೆ. ಗಾಳಿ ತಾಗಿ ಕಂಪು ಮೇಲೇಳುವುದು ಎರಡನೆಯ ಸಲಕ್ಕೆ ಸ್ಪಷ್ಟವಾಯಿತು. ಸೊವಿನ್ಯೋನ್ ಬ್ಲಾಂಕಿನಲ್ಲಿ ದೊಣ್ಣೆಮೆಣಸಿನಕಾಯಿ ಕೊಯ್ದ ಹಸಿರು ವಾಸನೆ ಯಾರೂ ಹೇಳದೆಯೇ ಬಂತು. ತಂಗಿಗೆ ಅದರಲ್ಲಿ ಸೀಬೆ ಸಿಕ್ಕಿತು. ಪೀಪಾಯಿಯಲ್ಲಿಟ್ಟ ಕ್ಯಾಬರ್ನೆಯಲ್ಲಿ ನಾನು ನಿರೀಕ್ಷಿಸಿದ್ದ ಲವಂಗ ಸಿಗಲಿಲ್ಲ, ಇದನ್ನೂ ಹಾಗೆಯೇ ಬರೆದುಕೊಂಡೆ.

ಕೊನೆಯ ಗ್ಲಾಸಿನ ಟಿಪ್ಪಣಿಯನ್ನು ಪುಸ್ತಕದಿಂದ ಇದ್ದಂತೆಯೇ ಇಳಿಸುತ್ತೇನೆ. 'ಶಿರಾಜ್. ಅಂಚಿನಲ್ಲಿ ಕೋಕಂ ಶರಬತ್ತಿನ ಬಣ್ಣ. ಅಲುಗಿಸದಾಗ ನೇರಳೆ, ಅಲುಗಿಸಿದ ಮೇಲೆ ಆಗಷ್ಟೇ ಕುಟ್ಟಿದ ಮೆಣಸು, ಹಿಂದೆ ಸ್ವಲ್ಪ ಜೋನಿಬೆಲ್ಲ. ಹುಳಿ ಮಧ್ಯಮ, ಮೊಸರಿನ ಕಡೆಯದು. ಒಗರು ನೇರಳೆಯನ್ನು ದಾಟಿದೆ, ಗೇರುಹಣ್ಣಿಗೆ ಮುಟ್ಟಿಲ್ಲ. ಉಗುಳಿದ ಮೇಲೆ ಹದಿನೈದು ಎಣಿಸುವವರೆಗೆ ಮೆಣಸು ಉಳಿಯಿತು.' ತಂಗಿ ಅದೇ ಗ್ಲಾಸನ್ನು ಮೂರು ಬಾರಿ ಮೂಸಿದರೂ ಅವಳಿಗೆ ಮೆಣಸು ಸಿಗಲಿಲ್ಲ.

ಈ ಟಿಪ್ಪಣಿಯಲ್ಲಿ ಒಂದು ಕೊರತೆ ಇದೆ. ಮೆಣಸನ್ನೂ ಬೆಲ್ಲವನ್ನೂ ಡಬ್ಬಿಯಿಂದ ಕಲಿತಿದ್ದೇನೆ, ನೇರಳೆಯನ್ನು ಮಾತ್ರ ನೆನಪಿನಿಂದ ಬರೆದಿದ್ದೇನೆ. ಮಾರ್ಚಿನಲ್ಲಿ ನೇರಳೆ ಎಲ್ಲಿಂದ ತರುವುದು? ಅದೇ ಶಿರಾಜಿನ ಒಂದು ಬಾಟಲಿ ಕೊಂಡು ತಂದು, ಕಪಾಟಿನ ಕೆಳಗಿನ ಕತ್ತಲೆಯ ಅರೆಯಲ್ಲಿ ಮಲಗಿಸಿಟ್ಟಿದ್ದೇನೆ. ಜೂನ್ ಕೊನೆಗೆ ಮಾರುಕಟ್ಟೆಗೆ ಮೊದಲ ನೇರಳೆಹಣ್ಣು ಬಂದ ದಿನ ಅದನ್ನು ತೆರೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.