ಪಿಟೀಲಿನ ಮಟ್ಟುಗಳನ್ನು ಮ್ಯಾಂಡೊಲಿನ್‌ನಲ್ಲಿ ಕಲಿಯಲು ನೊಟೇಷನ್ ಸಾಲದೇ?

ನಾನು ಮ್ಯಾಂಡೊಲಿನ್ ನುಡಿಸುತ್ತೇನೆಂದು ತಿಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಐರ್ಲೆಂಡಿನ ಮತ್ತು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಪಿಟೀಲಿನ ಮಟ್ಟುಗಳು ಪುಸ್ತಕಗಳಲ್ಲಿ ಅಚ್ಚಾಗಿವೆ, ಎರಡೂ ವಾದ್ಯಗಳ ಶ್ರುತಿಯೂ ಒಂದೇ, ಹೀಗಿರುವಾಗ ನೊಟೇಷನ್ (ಸ್ವರಲಿಪಿ) ನೋಡಿ ನುಡಿಸಿದರೆ ಸಾಲದೇ? ಸಾಲದು ಎಂಬುದೇ ನನ್ನ ಉತ್ತರ. ನೊಟೇಷನ್ ಹೇಳಿಕೊಡುವುದು ಎಡಗೈಯ ಕೆಲಸವನ್ನು. ಈ ಸಂಗೀತದ ಜೀವ ಇರುವುದು ಪಿಟೀಲುಗಾರನ ಬಲಗೈಯಲ್ಲಿ, ಅವನ ಕಮಾನಿನಲ್ಲಿ; ಮ್ಯಾಂಡೊಲಿನ್ ಕಲಿಯುವವರು ಹೆಚ್ಚಿನ ಹೊತ್ತು ಕೊಡಬೇಕಾದದ್ದೂ ಅದಕ್ಕೇ.

ಎಡಗೈಯ ಮಟ್ಟಿಗೆ ಕೇಳುವವರ ಮಾತು ನಿಜ. ಎರಡರಲ್ಲೂ ಮಂದ್ರದಿಂದ ತಾರಕ್ಕೆ ಜಿ, ಡಿ, ಎ, ಇ ಎಂಬ ತಂತಿಗಳು, ಒಂದರಿಂದ ಇನ್ನೊಂದಕ್ಕೆ ಷಡ್ಜ-ಪಂಚಮದ ಅಂತರ. ಮ್ಯಾಂಡೊಲಿನ್‌ನಲ್ಲಿ ಒಂದೊಂದೂ ಜೋಡಿ ತಂತಿಯಾದ್ದರಿಂದ ಒಟ್ಟು 8. ಪಿಟೀಲಿನಲ್ಲಿ ಬೆರಳು ಇಡುವ ಕ್ರಮವೇ ಇಲ್ಲಿಯೂ ನಡೆಯುತ್ತದೆ, ವೀಣೆಯ ಮೆಟ್ಟಿಲುಗಳಂಥ ಫ್ರೆಟ್ ಇರುವುದರಿಂದ ಸ್ವರಸ್ಥಾನ ತಪ್ಪುವ ಭಯವೂ ಕಡಿಮೆ. ಕರ್ನಾಟಕ ಸಂಗೀತದ ಪಿಟೀಲು ಸ-ಪ-ಸ-ಪ ಶ್ರುತಿಯದಾದ್ದರಿಂದ ಅಲ್ಲಿಂದ ಬಂದವರಿಗೆ ಮೊದಮೊದಲು ಬೆರಳು ತಡವರಿಸುವುದುಂಟು, ಅಷ್ಟೇ.

ತೊಡಕು ಶುರುವಾಗುವುದು ನಾದ ನಿಲ್ಲುವ ಬಗೆಯಲ್ಲಿ. ಕಮಾನು ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿಯಬಲ್ಲದು, ನಡುವೆ ಒತ್ತಿ ಉಬ್ಬಿಸಬಲ್ಲದು, ಒಂದೇ ಎಳೆತದಲ್ಲಿ ಮೂರು ಸ್ವರಗಳನ್ನು ಬೆಸೆಯಬಲ್ಲದು. ಮ್ಯಾಂಡೊಲಿನ್‌ನಲ್ಲಿ ಮೀಟುವ ಬಿಲ್ಲೆಯಾದ ಪಿಕ್ ತಂತಿಯನ್ನು ಬಿಟ್ಟ ಕ್ಷಣದಿಂದಲೇ ಸ್ವರ ಕುಗ್ಗತೊಡಗುತ್ತದೆ. ಇದಕ್ಕೆ ಪರಿಹಾರವೆಂದು ಹಲವರು ಪಿಕ್ ಅನ್ನು ಬಿಡದೆ ನಡುಗಿಸುವ ಟ್ರೆಮೊಲೊವನ್ನು ಹಿಡಿಯುತ್ತಾರೆ. ನಿಧಾನದ ಹಾಡಿಗೆ ಅದು ಒಪ್ಪುತ್ತದೆ, ಕುಣಿತದ ಮಟ್ಟಿಗೆ ಒಪ್ಪುವುದಿಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಕುಣಿಯುವವರ ಕಾಲಿಗೆ ಬೇಕಾದ ಒತ್ತು ಅದರಲ್ಲಿ ಕರಗಿಹೋಗುತ್ತದೆ.

ಆ ಒತ್ತನ್ನು ಪಿಕ್ ಚಲಿಸುವ ದಿಕ್ಕಿನಿಂದ ತರಬೇಕು. ಜಿಗ್ ಎಂಬ ಐರಿಷ್ ಕುಣಿತದ ಮಟ್ಟು 6/8ರ ನಡೆಯದು. ಮೂರು ಸ್ವರಗಳ ಎರಡು ಗುಂಪು, ಪ್ರತಿ ಗುಂಪಿನ ಮೊದಲ ಸ್ವರಕ್ಕೆ ತೂಕ. ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ ಎಂದು ಮೀಟಿದರೆ ಎರಡೂ ಗುಂಪುಗಳು ಕೈಯ ಭಾರದೊಂದಿಗೆ ಆರಂಭವಾಗುತ್ತವೆ. ಕೆಳಗೆ-ಮೇಲೆ ಎಂದು ಬಿಡದೆ ಅದಲುಬದಲಾಗಿ ಮೀಟಿದರೆ ಎರಡನೆಯ ಗುಂಪು ಮೇಲ್ಮುಖದ ಹಗುರ ಮೀಟಿನಿಂದ ಹೊರಟು ಜಿಗ್ ಕುಂಟುತ್ತದೆ. ನಾಲ್ಕು ನಾಲ್ಕು ಸ್ವರಗಳ ಗುಂಪಿನಲ್ಲಿ ನಡೆಯುವ ರೀಲ್ ಎಂಬ ಕುಣಿತದ ಮಟ್ಟಿಗಾದರೆ ಅದಲುಬದಲು ಮೀಟೇ ಸರಿ.

ಅಪಲಾಚಿಯನ್ ಮಟ್ಟುಗಳಲ್ಲಿ ಇನ್ನೊಂದು ಸಂಗತಿಯಿದೆ. ‘ಓಲ್ಡ್ ಜೋ ಕ್ಲಾರ್ಕ್’ ಎಂಬ ಪ್ರಸಿದ್ಧ ಮಟ್ಟನ್ನು ನೋಡಿ. ಎ ಸ್ವರವನ್ನು ಷಡ್ಜವೆಂದುಕೊಂಡರೆ ಅದರ ಸ್ವರಗಳು ನಮ್ಮ ಹರಿಕಾಂಭೋಜಿ ರಾಗದವು. ಕೈಶಿಕಿ ನಿಷಾದವೇ, ಅಂದರೆ ತಗ್ಗಿನ ನಿಷಾದವೇ, ಅದರ ಗುರುತು. ಎತ್ತುಗಡೆಯಲ್ಲಿ ಇ ತಂತಿಯನ್ನು ಖಾಲಿ ಮೀಟಿ, 2ನೇ ಮತ್ತು 3ನೇ ಫ್ರೆಟ್‌ಗಳಿಗೆ ಹತ್ತಿ, ಅದೇ ದಾರಿಯಲ್ಲಿ ಇಳಿದು, ಎ ತಂತಿಯ 5ನೇ ಮತ್ತು 4ನೇ ಫ್ರೆಟ್‌ಗಳಿಗೆ ಬರಬೇಕು. ನೊಟೇಷನ್‌ನಲ್ಲಿ ಇರುವುದು ಸಾಮಾನ್ಯವಾಗಿ ಇಷ್ಟೇ. ಪಿಟೀಲುಗಾರನಾದರೋ ಕಮಾನನ್ನು ಎರಡು ತಂತಿಗಳ ಮೇಲೆ ಒಟ್ಟಿಗೆ ಎಳೆಯುತ್ತಾನೆ. ಮಟ್ಟು ಇ ತಂತಿಯಲ್ಲಿರುವಾಗ ಕೆಳಗೆ ಎ ತಂತಿಯೂ, ಎ ತಂತಿಗೆ ಇಳಿದಾಗ ಮೇಲೆ ಇ ತಂತಿಯೂ ತಂಬೂರಿಯ ಹಾಗೆ ಮೊಳಗುತ್ತಿರುತ್ತದೆ. ಮ್ಯಾಂಡೊಲಿನ್‌ನಲ್ಲಿ ಒತ್ತಿನ ಸ್ವರ ಬಂದಾಗಲೆಲ್ಲ ಪಿಕ್ ಪಕ್ಕದ ಖಾಲಿ ಜೋಡಿಯನ್ನೂ ಸವರಿಕೊಂಡು ಹೋಗುವಂತೆ ಮಾಡಿದರೆ, ಸ್ವರ ಬೇಗ ಕುಗ್ಗುವ ಕೊರತೆಯೂ ಬಹುಪಾಲು ನೀಗುತ್ತದೆ.

ಐರಿಷ್ ಮಟ್ಟುಗಳ ದೊಡ್ಡ ಸಂಗ್ರಹಗಳಲ್ಲೊಂದು ಹುಟ್ಟಿದ ಬಗೆಯೂ ಇದನ್ನೇ ತೋರಿಸುತ್ತದೆ. ಐರ್ಲೆಂಡಿನ ಕಾರ್ಕ್ ಸೀಮೆಯಿಂದ ಹೋಗಿ ಷಿಕಾಗೊ ನಗರದ ಪೊಲೀಸ್ ಮುಖ್ಯಸ್ಥರಾದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಮಟ್ಟುಗಳನ್ನು ಪ್ರಕಟಿಸಿದರು. ಅವರು ನೆನಪಿನಿಂದ ನುಡಿಸುತ್ತಿದ್ದದ್ದನ್ನು ಸ್ವರಲಿಪಿಗೆ ಇಳಿಸಿದವರು ಅದೇ ಇಲಾಖೆಯ ಜೇಮ್ಸ್ ಓನೀಲ್. ಮಟ್ಟಿನ ಚೌಕಟ್ಟು ಕಾಗದಕ್ಕೆ ಬಂತು. ಕಮಾನಿನ ಎಳೆತ ಬಹುಪಾಲು ಬರಲಿಲ್ಲ. ಕೀರ್ತನೆಯ ಸ್ವರಲಿಪಿಯಲ್ಲಿ ಗಮಕ ಪೂರ್ತಿಯಾಗಿ ಸಿಗುವುದಿಲ್ಲವೆಂದು ಬಲ್ಲ ನಮ್ಮವರಿಗೆ ಇದು ಹೊಸ ಮಾತಲ್ಲ. ಓನೀಲರ ಸಂಗ್ರಹ ಬೇಡವೆಂದು ನಾನು ಹೇಳುತ್ತಿಲ್ಲ. ಮರೆತ ಸಾಲನ್ನು ನೆನಪಿಸಿಕೊಳ್ಳಲು ನಾನೂ ಅದನ್ನು ತೆರೆಯುತ್ತೇನೆ.

ಮ್ಯಾಂಡೊಲಿನ್‌ಗೆ ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ಶೈಲಿಯಲ್ಲಿ ಮುಂದಿನ ಸಾಲಿನ ಸ್ಥಾನ ತಂದುಕೊಟ್ಟ ಕೆಂಟಕಿಯ ಬಿಲ್ ಮನ್ರೋ (1911–1996) ಕಲಿತದ್ದು ಕಿವಿಯಿಂದ. ಅವರ ಸೋದರಮಾವ ಪೆಂಡಲ್‌ಟನ್ ವ್ಯಾಂಡಿವರ್ ಊರಿನ ಕುಣಿತದ ಕೂಟಗಳಿಗೆ ಪಿಟೀಲು ನುಡಿಸುತ್ತಿದ್ದರು, ಹುಡುಗನಾಗಿದ್ದ ಮನ್ರೋ ಪಕ್ಕದಲ್ಲಿ ಗಿಟಾರ್ ಹಿಡಿದು ಸಾಥ್ ಕೊಡುತ್ತಿದ್ದರು. ಮನ್ರೋ ಅವರ ಮೀಟಿನಲ್ಲಿ ಕೇಳುವ ತುಯ್ತ ಆ ಕಮಾನಿನಿಂದಲೇ ಬಂದದ್ದೆಂದು ನಾನು ನಂಬಿದ್ದೇನೆ.

ಹಾಗಾದರೆ ಸೋದರಮಾವನಿಲ್ಲದ ನಾವು ಏನು ಮಾಡಬೇಕು? ಒಬ್ಬ ಪಿಟೀಲುಗಾರನನ್ನು ಆರಿಸಿಕೊಂಡು ಅವನ ಧ್ವನಿಮುದ್ರಿಕೆಗಳೊಂದಿಗೆ ಬಹುಕಾಲ ಇರಬೇಕು. ಐರಿಷ್ ಮಟ್ಟುಗಳಿಗೆ ಸ್ಲೈಗೊ ಸೀಮೆಯ ಮೈಕೇಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ನುಡಿಸಿದ ಮುದ್ರಿಕೆಗಳನ್ನೂ, ಅಪಲಾಚಿಯನ್ ಮಟ್ಟುಗಳಿಗೆ ಉತ್ತರ ಕೆರೊಲಿನಾದ ಟಾಮಿ ಜ್ಯಾರೆಲ್ ಅವರನ್ನೂ ನಾನು ಸೂಚಿಸುತ್ತೇನೆ. ಸ್ಥಾಯಿ ಬದಲಾಗದಂತೆ ವೇಗವನ್ನು ಅರ್ಧಕ್ಕೆ ಇಳಿಸುವ ತಂತ್ರಾಂಶ ಈಗ ಫೋನಿನಲ್ಲೇ ಸಿಗುತ್ತದೆ. ಮೊದಲು ಸ್ವರಗಳನ್ನು ಹುಡುಕದೆ, ಎಡಗೈಯಿಂದ ತಂತಿಗಳನ್ನು ಮೆಲ್ಲನೆ ಮುಚ್ಚಿ, ಕಮಾನಿನ ಒತ್ತು ಬಿದ್ದಲ್ಲೆಲ್ಲ ಪಿಕ್ಕಿನ ಒತ್ತು ಬೀಳುವವರೆಗೆ ಬಲಗೈಯೊಂದನ್ನೇ ಆ ಮುದ್ರಿಕೆಯ ಜೊತೆ ಆಡಿಸಿ. ಬೆರಳುಗಳ ಸರದಿ ಅದಾದ ಮೇಲೆ.