ಯಾವ ಬಿಲಾಸ್‌ಪುರ?

ಹಾಸನದ ಒಂದು ಕಾಳುಮೆಣಸಿನ ಮಂಡಿಯಲ್ಲಿ ನಾನು ಗುಮಾಸ್ತ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಬರುವ ಮೆಣಸನ್ನು ತೂಕ ಹಾಕಿಸಬೇಕು, ಮೂಟೆ ಹೊಲಿಸಬೇಕು, ಹೊರರಾಜ್ಯದ ಗಿರಾಕಿಗಳಿಗೆ ಲಾರಿ ಆಫೀಸಿನಲ್ಲಿ ಬುಕ್ ಮಾಡಿ ಕಳಿಸಬೇಕು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ತೂಕದಲ್ಲಿ ಇವತ್ತಿನವರೆಗೆ ಯಾರಿಂದಲೂ ಮಾತು ಕೇಳಿಲ್ಲ. ಕೇಳಿದ್ದು ಒಂದು ಊರಿನ ಹೆಸರಿನಲ್ಲಿ.

ಮೂರು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಗಿರಾಕಿಯೊಬ್ಬರ ಫೋನ್ ಬಂತು. ಹಿಂದಿ. ನನ್ನದು ಸಿನಿಮಾ ನೋಡಿ ಕಲಿತ ಹಿಂದಿ, ಆದರೂ ವ್ಯಾಪಾರಕ್ಕೆ ಸಾಕಾಗುತ್ತದೆ. 'ಬಿಲಾಸ್‌ಪುರ್ ಸೇ ಬೋಲ್ ರಹಾ ಹೂಂ' ಅಂದರು. 12 ಮೂಟೆ ಬೇಕು, ಒಂದೊಂದು 50 ಕೆ.ಜಿ. ರೇಟು ಕುದುರಿತು. ಅಡ್ವಾನ್ಸ್ ಕೂಡ ಸಂಜೆಯೊಳಗೆ ಬಂತು.

ಬಿಲಾಸ್‌ಪುರ ನನಗೆ ಹೊಸದಲ್ಲ. ಅದಕ್ಕೂ ಮೊದಲು ಎರಡು ಸಲ ಅಲ್ಲಿಗೆ ಮಾಲು ಕಳಿಸಿದ್ದೆ. ಛತ್ತೀಸ್‌ಗಢದ ದೊಡ್ಡ ಊರು. ಆ ರಾಜ್ಯದ ಹೈಕೋರ್ಟ್ ಇರುವುದು ಅಲ್ಲೇ. ಆಗ್ನೇಯ ಮಧ್ಯ ರೈಲ್ವೆಯ ಮುಖ್ಯ ಕಚೇರಿಯೂ ಅಲ್ಲೇ. ಹಾಗಾಗಿ ಹೆಚ್ಚು ಕೇಳಲು ಹೋಗಲಿಲ್ಲ. ಸುಮ್ನೆ ಒಂದು ಮಾತಿಗೆ, 'ಯಾವ ಏರಿಯಾ?' ಅಂದೆ. 'ಮಂಡಿ ಕೇ ಪಾಸ್, ಹಮೀರ್‌ಪುರ್ ಕೇ ಬಗಲ್ ಮೇಂ' ಅಂದರು. ಮಂಡಿ ಹತ್ತಿರ ಅಂದರೆ ನಮ್ಮ ಥರಾನೇ ಮಾರ್ಕೆಟ್ ಪಕ್ಕದ ಅಂಗಡಿ. ಹಮೀರ್‌ಪುರ ಅನ್ನುವುದು ಯಾವುದೋ ಬಡಾವಣೆ ಇರಬೇಕು. ಹೀಗೆಂದುಕೊಂಡು ಬರೆದುಕೊಂಡೆ.

ಬಿಲ್ ಮಾಡಿದ್ದು ಕಂಪ್ಯೂಟರಿನಲ್ಲಿ ಕೂರುವ ಅಕ್ಕ. ಅವರು ಗಿರಾಕಿಯ ಜಿಎಸ್‌ಟಿ ನಂಬರ್ ಹಾಕಿದರು, ವಿಳಾಸ ತಾನಾಗೇ ಬಂತು. ಬಿಲ್ಲೂ ಸರಿ, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲೂ ಸರಿ. ತಪ್ಪಿದ್ದು ನನ್ನ ಕೈಯಲ್ಲಿ. ಮೂಟೆಯ ಮೇಲೆ ಮಾರ್ಕರಿನಲ್ಲಿ ಊರಿನ ಹೆಸರು ಬರೆದವನು ನಾನು, ಲಾರಿ ಆಫೀಸಿನಲ್ಲಿ ಎಲ್‌ಆರ್, ಅಂದರೆ ಲಾರಿ ರಸೀದಿ, ಬರೆಸಿದವನೂ ನಾನು. ಆಫೀಸಿನ ಹುಡುಗ ಪೆನ್ನು ನಿಲ್ಲಿಸಿ, 'ಬಿಲಾಸ್‌ಪುರ, ಛತ್ತೀಸ್‌ಗಢ ಅಲ್ವಾ ಅಣ್ಣ?' ಅಂತ ಕೇಳಿದ. 'ಇನ್ನೆಲ್ಲಿ?' ಅಂದೆ. ಆ ಒಂದು ಪದಕ್ಕೆ ಆಮೇಲೆ ಮೂರು ತಿಂಗಳು ಸಂಬಳದಲ್ಲಿ ಕಂತು ಕಟ್ಟಿದೆ.

ಒಂಬತ್ತನೇ ದಿನ ಗಿರಾಕಿ ಫೋನ್ ಮಾಡಿದರು. ಮಾಲು ಬಂದಿಲ್ಲ. ಹನ್ನೊಂದನೇ ದಿನ ಮತ್ತೆ ಮಾಡಿದರು. ನಾನು ಲಾರಿ ಆಫೀಸಿಗೆ ಹೋಗಿ ಜಗಳ ಆಡಿದೆ. ಅವರು ಕಂಪ್ಯೂಟರ್ ನೋಡಿ, 'ಮಾಲು ಬಿಲಾಸ್‌ಪುರದ ಗೋಡೌನಿನಲ್ಲಿ ಇದೆ, ಪಾರ್ಟಿ ಬಂದು ಬಿಡಿಸಿಕೊಂಡಿಲ್ಲ' ಅಂದರು. ಇದನ್ನೇ ಗಿರಾಕಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವರು ಪಾಪ, ತಮ್ಮೂರಿನ ಲಾರಿ ಗೋಡೌನುಗಳನ್ನೆಲ್ಲ ಸುತ್ತಿ ಬಂದು, 'ಇಲ್ಲ ಜೀ' ಅಂದರು. ಆಗ ಅಕ್ಕ ಬಿಲ್ಲಿನ ಪ್ರತಿ ತೆಗೆದು ನನ್ನ ಮುಂದೆ ಇಟ್ಟರು. ಅದರಲ್ಲಿ ದೊಡ್ಡದಾಗಿಯೇ ಇತ್ತು: ಬಿಲಾಸ್‌ಪುರ, ಹಿಮಾಚಲ ಪ್ರದೇಶ.

ಹಿಮಾಚಲದಲ್ಲಿ ಬಿಲಾಸ್‌ಪುರ ಅನ್ನುವ ಜಿಲ್ಲೆಯೇ ಇದೆ. ಅದರ ಪಕ್ಕದ ಜಿಲ್ಲೆ ಮಂಡಿ. ಹೌದು, ಮಂಡಿ ಅನ್ನುವುದು ಅಲ್ಲಿ ಊರು, ಮಾರ್ಕೆಟ್ ಅಲ್ಲ. ಇನ್ನೊಂದು ಪಕ್ಕದ ಜಿಲ್ಲೆ ಹಮೀರ್‌ಪುರ. ಆ ಮನುಷ್ಯ ನನಗೆ ಅಚ್ಚುಕಟ್ಟಾಗಿ ಚೆಕ್‌ಬಂದಿ ಹೇಳಿದ್ದರು. ನಾನು ಅದನ್ನು ಅಂಗಡಿಯ ಗುರುತು ಅಂದುಕೊಂಡಿದ್ದೆ.

ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಕೊಡುತ್ತಾರೆ. ಮಾಲು ಗೋಡೌನಿನಲ್ಲಿ ಕೂತಿದ್ದಾಗಲೇ ಅದೂ ಮುಗಿಯಿತು. ಹೊಸದಾಗಿ ಕಾಗದ, ಹೊಸದಾಗಿ ಬಾಡಿಗೆ, ಮಾಲು ಇಟ್ಟುಕೊಂಡಿದ್ದಕ್ಕೆ ಗೋಡೌನಿನ ಡೆಮರೇಜ್. 600 ಕೆ.ಜಿ. ಮೆಣಸು ಮಧ್ಯ ಭಾರತದಿಂದ ಮತ್ತೆ ಲಾರಿ ಹತ್ತಿ ಹಿಮಾಲಯದ ಬುಡಕ್ಕೆ ಹೋಗಬೇಕಾಯಿತು.

ಸಾಹುಕಾರ್ರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: 'ಹೊಸಳ್ಳಿಗೆ ಹೋಗಿ ಮೆಣಸು ತಗೊಂಬಾ ಅಂದ್ರೆ ನೀನು ಏನು ಮಾಡ್ತೀಯ?'

'ಯಾವ ಹೊಸಳ್ಳಿ ಅಂತ ಕೇಳ್ತೀನಿ.'

'ಮತ್ತೆ?'

ಅಷ್ಟೇ. ಎರಡನೇ ಸಲದ ಬಾಡಿಗೆಯಲ್ಲಿ ಅರ್ಧ ನನ್ನ ಖಾತೆಗೆ ಬರೆಸಿದರು.

ಆ 'ಮತ್ತೆ?' ನನ್ನ ತಲೆಯಿಂದ ಇವತ್ತಿಗೂ ಇಳಿದಿಲ್ಲ. ಯಾಕೆಂದರೆ ಅದು ನಿಜ. ನಮ್ಮ ಕಡೆ ಹೋಬಳಿಗೊಂದು ಹೊಸಹಳ್ಳಿ ಇರುತ್ತದೆ. ಯಾರಾದರೂ ಹೊಸಳ್ಳಿ ಅಂದ ತಕ್ಷಣ 'ಯಾವ' ಅನ್ನುವುದು ಬಾಯಿಗೆ ತಾನಾಗೇ ಬರುತ್ತದೆ. ಹೇಳುವವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆರೆ ಹೇಳುತ್ತಾರೆ, ಪಕ್ಕದ ಊರು ಹೇಳುತ್ತಾರೆ, 'ಪಟೇಲರ ಹೊಸಳ್ಳಿ' ಅನ್ನುತ್ತಾರೆ. ಹಳ್ಳಿ ಅಂದರೆ ಕೇಳುತ್ತೇವೆ. ಜಿಲ್ಲಾ ಕೇಂದ್ರದಂಥ ದೊಡ್ಡ ಹೆಸರು ಬಂದರೆ ಕೇಳಲು ನಾಚಿಕೆ. ಇಷ್ಟು ದೊಡ್ಡ ಊರು ಇನ್ನೊಂದು ಎಲ್ಲಿರುತ್ತದೆ ಅನ್ನುವ ಧೈರ್ಯ ಬೇರೆ. ಆ ಊರಿಗೆ ಮೊದಲೇ ಮಾಲು ಕಳಿಸಿದ್ದೆನಲ್ಲ, ಅದೇ ನನ್ನನ್ನು ಕೆಡಿಸಿದ್ದು. ಬಿಲಾಸ್‌ಪುರದ ಹೆಸರೇ ಕೇಳದವನಾಗಿದ್ದರೆ ಕೇಳುತ್ತಿದ್ದೆ.

ಹಿಂದಿನವರು ಇದಕ್ಕೆ ಹೆಸರಿನಲ್ಲೇ ದಾರಿ ಮಾಡಿಟ್ಟಿದ್ದಾರೆ. ನಮ್ಮ ಹೊಳೆನರಸೀಪುರ ಹೇಮಾವತಿ ದಂಡೆಯ ಊರು, ಅದಕ್ಕೆ 'ಹೊಳೆ'. ಮೈಸೂರು ಕಡೆಯದು ತಿರುಮಕೂಡಲು ನರಸೀಪುರ, ಕಾವೇರಿ ಕಪಿಲೆ ಕೂಡುವ ಜಾಗ. ಅದು ಟಿ. ನರಸೀಪುರ. ಚಿಕ್ಕಮಗಳೂರಿನ ಅಂಚಿಗೇ ಹಿರೇಮಗಳೂರು ಇದೆ. ಸಕ್ಕರೆಪಟ್ಟಣದ ರುಕ್ಮಾಂಗದ ಎಂಬ ಅರಸ ಹಿರೇ ಮಗಳಿಗೆ ಒಂದು ಊರು, ಚಿಕ್ಕ ಮಗಳಿಗೆ ಒಂದು ಊರು ಕೊಟ್ಟ ಅನ್ನುವುದು ಜನರ ಬಾಯಲ್ಲಿರುವ ಕತೆ. ಕತೆ ಹೇಗಾದರೂ ಇರಲಿ, ಗುಮಾಸ್ತನಿಗೆ ಅನುಕೂಲ.

ಹೆಸರನ್ನು ಚಿಕ್ಕದು ಮಾಡಿದಾಗಲೇ ತೊಂದರೆ. ಕೆ.ಆರ್. ಪೇಟೆ ಮಂಡ್ಯ ಜಿಲ್ಲೆ, ಕೆ.ಆರ್. ನಗರ ಮೈಸೂರು ಜಿಲ್ಲೆ, ಕೆ.ಆರ್. ಪುರ ಬೆಂಗಳೂರು. ಹಾಸನದ ಒಳಗೂ ಒಂದು ಕೆ.ಆರ್. ಪುರಂ ಇದೆ. ಚನ್ನಪಟ್ಟಣಕ್ಕೂ ಚನ್ನರಾಯಪಟ್ಟಣಕ್ಕೂ ಫೋನಿನಲ್ಲಿ ಎಷ್ಟು ವ್ಯತ್ಯಾಸ ಕೇಳಿಸುತ್ತದೆ ಹೇಳಿ. ಸಾಲದು ಅಂತ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ಚನ್ನರಾಯಪಟ್ಟಣ ಇದೆ, ಹೋಬಳಿ ಊರು.

ಅದೇ ದೇವನಹಳ್ಳಿ ತಾಲ್ಲೂಕಿನ ಇನ್ನೊಂದು ಊರು ವಿಜಯಪುರ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು. ಅವತ್ತೇ ಚಿಕ್‌ಮಗಳೂರ್ ಅನ್ನುವ ಇಂಗ್ಲಿಷ್ ಹೆಸರೂ ಚಿಕ್ಕಮಗಳೂರು ಅಂತ ಸರಿಯಾಯಿತು. ಬಿಜಾಪುರ ಅಂತ ಛತ್ತೀಸ್‌ಗಢದಲ್ಲೂ ಒಂದು ಜಿಲ್ಲೆ ಇದೆ. ಹೊಸ ಹೆಸರಿನಿಂದ ಆ ಗೊಂದಲ ತಪ್ಪಿತು. ಆದರೆ ದೇವನಹಳ್ಳಿ ಪಕ್ಕದ ವಿಜಯಪುರದವರಿಗೆ ಹೊಸದಾಗಿ ಒಂದು ಗಂಟು ಬಿತ್ತು. ಹೆಸರು ಬದಲಿಸುವವರು ಎಲ್‌ಆರ್ ಬರೆಯುವವರನ್ನು ಒಂದು ಮಾತು ಕೇಳಬೇಕಿತ್ತು!

ಕಂತು ಕಟ್ಟುವಾಗ ಬಂದ ಹಟಕ್ಕೆ ನಾನು ಒಂದು ನೋಟ್‌ಬುಕ್ ಮಾಡಿದೆ. ಎಡಗಡೆ ಊರು, ಬಲಗಡೆ ಅದರ ಜೋಡಿ. ಜಿಲ್ಲೆಗಳಲ್ಲೇ ಎಷ್ಟೊಂದು ಸಿಕ್ಕವು. ಹಮೀರ್‌ಪುರ ಹಿಮಾಚಲದಲ್ಲೂ ಇದೆ, ಉತ್ತರ ಪ್ರದೇಶದ ಬುಂದೇಲಖಂಡದಲ್ಲೂ ಇದೆ. ಅಂದರೆ ಅವತ್ತು ಗಿರಾಕಿ ಗುರುತಿಗೆ ಅಂತ ಹೇಳಿದ ಪಕ್ಕದೂರಿಗೂ ಜೋಡಿ ಇತ್ತು. ನಾನು ಬುದ್ಧಿವಂತನಾಗಿ ಹಮೀರ್‌ಪುರ ಎಲ್ಲಿ ಅಂತ ಹುಡುಕಿದ್ದರೂ ತಪ್ಪುತ್ತಿತ್ತೋ ಏನೋ. ಪ್ರತಾಪ್‌ಗಢ ಉತ್ತರ ಪ್ರದೇಶದಲ್ಲಿ ಒಂದು, ನೆಲ್ಲಿಕಾಯಿಗೆ ಹೆಸರಾದ ಜಿಲ್ಲೆ. ರಾಜಸ್ಥಾನದಲ್ಲಿ ಇನ್ನೊಂದು, 2008ರಲ್ಲಿ ಆದ ಜಿಲ್ಲೆ. ಬಲರಾಂಪುರ ಉತ್ತರ ಪ್ರದೇಶದ ನೇಪಾಳ ಗಡಿಯಲ್ಲೂ ಇದೆ, ಛತ್ತೀಸ್‌ಗಢದಲ್ಲೂ ಇದೆ. ಔರಂಗಾಬಾದ್ ಬಿಹಾರದಲ್ಲೂ ಉಂಟು. ಮಹಾರಾಷ್ಟ್ರದ್ದು 2023ರಲ್ಲಿ ಛತ್ರಪತಿ ಸಂಭಾಜಿನಗರ ಆಯಿತು. ಕಾಗದದಲ್ಲಿ ಜೋಡಿ ಕಳಚಿತು. ಅಲ್ಲಿನ ಹಳೇ ಗಿರಾಕಿಗಳು ಫೋನಿನಲ್ಲಿ ಈಗಲೂ ಔರಂಗಾಬಾದ್ ಅಂತಲೇ ಹೇಳುವುದು, ಹಾಗಾಗಿ ನೋಟ್‌ಬುಕ್ಕಿನಲ್ಲಿ ಹಾಗೇ ಬಿಟ್ಟಿದ್ದೇನೆ.

ಗಡಿ ಆಚೆಯವೂ ಕೆಲವು ಸೇರಿಕೊಂಡವು. ಅಲ್ಲಿಗೆ ನಮ್ಮ ಮಾಲು ಹೋಗುವುದಿಲ್ಲ, ಸುಮ್ನೆ ಬರೆದಿಟ್ಟೆ. ಪಾಕಿಸ್ತಾನದ ಸಿಂಧ್‌ನಲ್ಲಿ ಒಂದು ಹೈದರಾಬಾದ್. ಅಲ್ಲಿನ ಪಂಜಾಬಿನಲ್ಲಿ ಗುಜರಾತ್ ಅನ್ನುವ ಊರು. ದಿನಾಜ್‌ಪುರದ ಕತೆ ಬೇರೆ. ಅದು ಒಂದೇ ಜಿಲ್ಲೆ ಆಗಿತ್ತು, 1947ರಲ್ಲಿ ಗೆರೆ ಎಳೆದು ಎರಡು ಮಾಡಿದರು. ಬಾಂಗ್ಲಾದೇಶದಲ್ಲಿ ದಿನಾಜ್‌ಪುರ ಉಳಿಯಿತು. ಪಶ್ಚಿಮ ಬಂಗಾಳದಲ್ಲಿ ಈಗ ಉತ್ತರ ದಿನಾಜ್‌ಪುರ, ದಕ್ಷಿಣ ದಿನಾಜ್‌ಪುರ. ಅಣ್ಣತಮ್ಮಂದಿರು ಭಾಗ ಆದರೂ ಮನೆ ಹೆಸರು ಬಿಡದ ಹಾಗೆ.

ಎಲ್ಲ ಜೋಡಿಗಳೂ ಹಾಗಲ್ಲ. ನನ್ನ ಎರಡು ಬಿಲಾಸ್‌ಪುರಗಳನ್ನೇ ನೋಡಿ. ಛತ್ತೀಸ್‌ಗಢದ್ದು ಬಿಲಾಸಾ ಎಂಬ ಮೀನುಗಾರ ಹೆಂಗಸಿನ ಹೆಸರಿನಿಂದ ಬಂತು ಅನ್ನುತ್ತಾರೆ. ಹಿಮಾಚಲದ್ದು ವ್ಯಾಸ ಮಹರ್ಷಿಯ ಹೆಸರಿನಿಂದ ಅನ್ನುತ್ತಾರೆ. ಒಬ್ಬಳು ಬಲೆ ಬೀಸಿದವಳು, ಒಬ್ಬರು ಭಾರತ ಹೇಳಿದವರು. ಸವೆದು ಸವೆದು ಇಬ್ಬರೂ ನನ್ನ ಮಾರ್ಕರಿನ ತುದಿಯಲ್ಲಿ ಒಂದೇ ಆದರು.

ಇಂಗ್ಲಿಷಿನಲ್ಲಿ ಬರೆದಾಗ ಇದು ಇನ್ನೂ ಜಾಸ್ತಿ. ಒಮ್ಮೆ ಕೋಲ್ಕತ್ತದ ದಲ್ಲಾಳಿಯೊಬ್ಬರು ಮೂಟೆಯ ಮೇಲೆ ಬೇಲೂರು ಅಂತ ಇದ್ದದ್ದು ನೋಡಿ ಫೋನ್ ಮಾಡಿದ್ದರು. 'ನಮ್ಮ ಹೊಳೆ ಆಚೆ ಮೆಣಸು ಯಾವಾಗಿಂದ ಬೆಳೆಯುತ್ತೆ?' ಅಂತ ನಗು. ಅವರಿಗೆ ಬೇಲೂರು ಅಂದರೆ ಹೂಗ್ಲಿ ದಂಡೆಯ ಬೇಲೂರು, ವಿವೇಕಾನಂದರ ಮಠ ಇರುವ ಊರು. ಬಂಗಾಳಿಯಲ್ಲಿ ಆ ಹೆಸರಿನ ಕೊನೆ ಅಕ್ಷರ ನಮ್ಮ 'ರ' ಅಲ್ಲ, 'ಡ'ಕ್ಕೆ ಹತ್ತಿರದ ಸದ್ದು. ಅವರ ಲಿಪಿಯಲ್ಲಿ ಬರೆದರೆ ಎರಡೂ ಬೇರೆ. ನಾವು ಚೆನ್ನಕೇಶವನ ಬೇಲೂರಿನವರು, 1117ರಿಂದ ಅಲ್ಲಿ ಗುಡಿ ಇದೆ ಅಂತ ಹೇಳಿದೆ. ಕನ್ನಡದಲ್ಲಿ ಬರೆದರೂ ತಪ್ಪುವುದುಂಟು. ಮಹಾರಾಷ್ಟ್ರದ ರಾಯಗಡ, ಛತ್ತೀಸ್‌ಗಢದ ರಾಯಗಢ ಎರಡನ್ನೂ ನಾವು ಒಂದೇ ಥರ ಬರೆದುಬಿಡುತ್ತೇವೆ.

ಈಗ ನಮ್ಮ ಮಂಡಿಯಲ್ಲಿ ಊರಿನ ಹೆಸರನ್ನು ನಂಬುವುದಿಲ್ಲ. ಪಿನ್‌ಕೋಡ್ ಇಲ್ಲದೆ ಮೂಟೆ ಹೊರಗೆ ಹೋಗಬಾರದು. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ತಂದದ್ದರ ಹಿಂದೆ ಈ ಒಂದೇ ಹೆಸರಿನ ಊರುಗಳ ಕಾಟವೂ ಒಂದು ಕಾರಣ. ಛತ್ತೀಸ್‌ಗಢದ ಬಿಲಾಸ್‌ಪುರ 495001. ಹಿಮಾಚಲದ್ದು 174001. ಮೊದಲ ಅಂಕಿಯಲ್ಲೇ ಬೇರೆಯಾಗಿದೆ, ಮಗುವೂ ಹೇಳುತ್ತದೆ. ನಮ್ಮ ಬೇಲೂರು 573115, ಅವರ ಬೇಲೂರು ಮಠ 711202. ಇದರ ಜೊತೆಗೆ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡುತ್ತೇನೆ. ಅದು ರಾಜ್ಯದ ಗುರುತು. ಕರ್ನಾಟಕಕ್ಕೆ 29, ಹಿಮಾಚಲಕ್ಕೆ 02, ಛತ್ತೀಸ್‌ಗಢಕ್ಕೆ 22. ಜಿಎಸ್‌ಟಿ 02 ಅಂದರೆ ಪಿನ್ 17ರಿಂದ ಶುರುವಾಗಬೇಕು. ಎರಡೂ ತಾಳೆ ಆದ ಮೇಲೇ ಮಾರ್ಕರ್ ಮುಚ್ಚಳ ತೆಗೆಯುವುದು. ಇದಕ್ಕೆ ಅರ್ಧ ನಿಮಿಷ ಸಾಕು. ಹೊಸ ಹುಡುಗರು 'ಗೊತ್ತಿರೋ ಪಾರ್ಟಿ ಅಣ್ಣ' ಅಂದರೆ ನನಗೆ ಸಿಟ್ಟು ಬರುತ್ತದೆ. ನನಗೂ ಅದು ಗೊತ್ತಿರೋ ಊರೇ ಆಗಿತ್ತು.

ಹಿಮಾಚಲದ ಆ ಗಿರಾಕಿ ನಮ್ಮನ್ನು ಬಿಡಲಿಲ್ಲ. ವರ್ಷಕ್ಕೆ ಎರಡು ಸಲ ಆರ್ಡರ್ ಬರುತ್ತದೆ. ಒಂದು ದಿನ ಮಾತಿಗೆ ಮಾತು ಬಂದು ತಮ್ಮ ಊರಿನ ಕತೆ ಹೇಳಿದರು. ಭಾಕ್ರಾ ಅಣೆಕಟ್ಟೆ ಕಟ್ಟಿದಾಗ ಅವರ ಹಳೇ ಬಿಲಾಸ್‌ಪುರ ಪೇಟೆ ಗೋವಿಂದ ಸಾಗರದ ನೀರಿನಲ್ಲಿ ಮುಳುಗಿತಂತೆ. ಈಗಿರುವುದು ಮೇಲೆ ಹೊಸದಾಗಿ ಕಟ್ಟಿದ ಊರು. ನಾನು ನಮ್ಮ ಗೊರೂರು ಅಣೆಕಟ್ಟೆ, ಹೇಮಾವತಿ ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚಿನ ವಿಷಯ ಹೇಳಿದೆ. ಸಿನಿಮಾ ಹಿಂದಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಬೆವರು ಬಂತು.

ಹೋದ ತಿಂಗಳು ಅವರ ಮಗ ಬೆಂಗಳೂರಿಗೆ ಬಂದವನು ನಮ್ಮ ಮಂಡಿಗೂ ಬಂದಿದ್ದ. ಕಾಫಿ ಕೊಟ್ಟೆವು. ಹುಡುಗ ಆ ಕಡೆ ಈ ಕಡೆ ನೋಡಿ, ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ ಸಾಹುಕಾರರಿಗೆ ಬಗ್ಗಿ ನಮಸ್ಕಾರ ಮಾಡಿ, 'ಹಸನ್ ಭಾಯ್ ಆಪ್ ಹೀ ಹೈಂ?' ಅಂದ. ಸಾಹುಕಾರ್ರು ನನ್ನ ಮುಖ ನೋಡಿದರು. ಹುಡುಗ ತನ್ನ ಫೋನ್ ತೆಗೆದು ತೋರಿಸಿದ. ಮೂರು ವರ್ಷದಿಂದ ಅವರ ಮನೆಯವರ ಫೋನಿನಲ್ಲೆಲ್ಲ ನಮ್ಮ ಮಂಡಿಯ ನಂಬರ್ 'ಹಸನ್ ಭಾಯ್, ಕರ್ನಾಟಕ' ಅಂತಲೇ ಇತ್ತು. ಎಲ್‌ಆರ್ ಮೇಲೆ ಹಾಸನ ಅಂತ ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವರು ಅಂಗಡಿ ಯಜಮಾನರ ಹೆಸರು ಅಂತ ಓದಿಕೊಂಡಿದ್ದರು.

ಸಾಹುಕಾರ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಕೂತ್ಕೊಳಪ್ಪ' ಅಂದರು ಹುಡುಗನಿಗೆ. ಆಮೇಲೆ ನನ್ನ ಕಡೆ ತಿರುಗಿ, 'ಹಸನ್ ಭಾಯ್ ಇನ್ನೊಂದು ಕಾಫಿ ಹೇಳಿದ್ರು ಅಂತ ಹೇಳು ಹೋಟ್ಲಿಗೆ' ಅಂದರು.