ಆಗಸ್ಟ್ 15ರ ಶಾಮಿಯಾನದ ಬಿಲ್ಲು ಯಾರ ತಲೆಗೆ?

ತಾಲ್ಲೂಕು ಕಚೇರಿಯ ಲೆಕ್ಕಪತ್ರ ಶಾಖೆಗೆ ಹೊಸದಾಗಿ ಬರುವ ಎಫ್‌ಡಿಎ, ಎಸ್‌ಡಿಎಗಳಿಗೆ (ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರಿಗೆ) ನಾನು ಮೊದಲು ಓದಲು ಕೊಡುವುದು ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯ ಕಡತ. ನೋಡಲು ತೆಳ್ಳಗಿರುತ್ತದೆ. ಆದರೆ ಸರ್ಕಾರದ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಬಂದು ಕಾಲು ನೀಡಿ ಕೂರುತ್ತದೆ ಎಂಬುದೆಲ್ಲ ಅದರಲ್ಲೇ ಸಿಗುತ್ತದೆ.

ಸ್ವಾತಂತ್ರ್ಯ ದಿನಕ್ಕೆ ಸರ್ಕಾರ ಅನುದಾನ ಕಳಿಸುತ್ತದೆ, ಕಚೇರಿಯವರು ಖರ್ಚು ಮಾಡುತ್ತಾರೆ ಅಂತ ಊರಿನವರು ತಿಳಿದಿರುತ್ತಾರೆ. ನಾನು ಕಂಡಿದ್ದು ಉಲ್ಟಾ. ಖರ್ಚು ಮೊದಲು, ಬಿಡುಗಡೆ ಆದೇಶ ಆಮೇಲೆ. ಬಂದ ಮೊತ್ತವೂ ಪೆಂಡಾಲ್, ಮೈಕು, ಸಿಹಿ, ಸನ್ಮಾನದ ಶಾಲು ಎಲ್ಲಕ್ಕೂ ಸಾಲುವುದಿಲ್ಲ. ಮೈದಾನದಲ್ಲಿ ನೀವು ನೋಡುವ ಸಂಭ್ರಮದಲ್ಲಿ ಮುಕ್ಕಾಲು ಪಾಲು ಇಲಾಖೆಗಳು ಹೊತ್ತುಕೊಂಡಿದ್ದು. ಮೈದಾನ ಸ್ವಚ್ಛ ಮಾಡಿ ನೀರು ಚಿಮುಕಿಸುವುದು ಪುರಸಭೆ, ವೇದಿಕೆ ಮತ್ತು ಬ್ಯಾರಿಕೇಡ್ ಲೋಕೋಪಯೋಗಿ, ಮಕ್ಕಳ ನೃತ್ಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಂಬುಲೆನ್ಸ್ ಆರೋಗ್ಯ ಇಲಾಖೆ.

ಇದೆಲ್ಲ ಹಂಚಿಕೆಯಾಗುವುದು ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ತಹಶೀಲ್ದಾರರ ಅಧ್ಯಕ್ಷತೆಯಲ್ಲಿ ನಡೆಯುವ ಪೂರ್ವಭಾವಿ ಸಭೆಯಲ್ಲಿ. ಆ ಸಭೆಯಲ್ಲಿ ಯಾರೂ 'ಇಲ್ಲ' ಅನ್ನುವುದಿಲ್ಲ. 'ನಮ್ಮ ಕಡೆಯಿಂದ ಏನು ಬೇಕೋ ಮಾಡ್ತೀವಿ ಸಾರ್' ಎಂದು ಟೀ ಕುಡಿದು ಎದ್ದು ಹೋಗುತ್ತಾರೆ. ನಡಾವಳಿ ಬರೆಯುವವರು ಅದನ್ನು ಹಾಗೇ ಬರೆದರೆ ಕೆಟ್ಟಿತು. 'ಕುರ್ಚಿ ಮತ್ತು ಶಾಮಿಯಾನದ ವೆಚ್ಚವನ್ನು ಪುರಸಭೆಯ ಸ್ವಂತ ನಿಧಿಯಿಂದ ಭರಿಸುವುದು' ಎಂದು ಹಣದ ಮೂಲ ಸಮೇತ ಬರೆದು, ಎರಡೇ ದಿನದಲ್ಲಿ ಪ್ರತಿಯನ್ನು ಪುರಸಭೆಯ ಮುಖ್ಯಾಧಿಕಾರಿಗೆ ಕಳಿಸಿ ಸ್ವೀಕೃತಿ ತೆಗೆದುಕೊಳ್ಳಬೇಕು. ಅವರ ಆಡಿಟ್‌ಗೂ ಅದೇ ಕಾಗದ ಬೇಕಾಗುತ್ತದೆ. ಒಪ್ಪಿಕೊಂಡವರಿಗೂ ಅದರಿಂದ ಉಪಕಾರವೇ.

ಹೀಗೆ ಬರೆಯದಿದ್ದ ಒಂದು ವರ್ಷ ನಮ್ಮ ಶಾಮಿಯಾನದವರು ಕಚೇರಿ ಮೆಟ್ಟಿಲು ಹತ್ತಿ ಹತ್ತಿ ಸವೆಸಿದರು. ಪುರಸಭೆಯಲ್ಲಿ ಕೇಳಿದರೆ ತಾಲ್ಲೂಕು ಕಚೇರಿ ಅಂತಾರೆ, ನಮ್ಮಲ್ಲಿ ಕೇಳಿದರೆ ಪುರಸಭೆ ಅಂತೀವಿ. 'ಮೇಡಂ, ಗಣಪತಿ ಹಬ್ಬದೊಳಗಾದ್ರೂ ಆಗುತ್ತಾ? ಹೊಸ ಬಟ್ಟೆ ತರಬೇಕು' ಎಂದು ಕೇಳುತ್ತಿದ್ದರು. ಗಣಪತಿಯೂ ಹೋಯಿತು, ದಸರಾನೂ ಹೋಯಿತು. ದೇಶದ ಹಬ್ಬಕ್ಕೆ ಸಾಲ ಕೊಟ್ಟವರು ಆ ಪೆಂಡಾಲ್‌ನವರೇ ಅಂತ ನಾನು ಈಗಲೂ ಹೇಳುತ್ತೇನೆ, ಸಾಹೇಬರ ಎದುರಿಗೂ.

ಅಂದಾಜು ಪಟ್ಟಿಯ ವಿಚಾರ. ಜನವರಿ 26ರ ಟಿಪ್ಪಣಿ ತೆಗೆದು ದಿನಾಂಕ ಬದಲಿಸಿ ಆಗಸ್ಟ್‌ಗೆ ಮಂಡಿಸುವ ಚಟ ಎಲ್ಲ ಕಚೇರಿಯಲ್ಲೂ ಇದೆ. ಆಗಸ್ಟ್ ಮಳೆಗಾಲ ಕಣ್ರೀ. ನೀರು ಸೋರದ ಪೆಂಡಾಲಿನ ಬಾಡಿಗೆಯೇ ಬೇರೆ, ಕೆಸರಿಗೆ ಜಲ್ಲಿಪುಡಿ ಹಾಕಿಸುವ ಖರ್ಚು ಬೇರೆ. ಸಣ್ಣ ಮೊತ್ತವಾದರೂ ದರಪಟ್ಟಿ ಮೂರು ಇರಲಿ, ಅವು ಹಬ್ಬಕ್ಕೆ ಮೊದಲಿನ ದಿನಾಂಕದವೇ ಆಗಿರಲಿ. ಅಂಗಡಿಯವರ ಬ್ಯಾಂಕ್ ವಿವರ ಮೊದಲೇ ಪಡೆದು ಖಜಾನೆ-2ರಲ್ಲಿ (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ರೆಸಿಪಿಯಂಟ್ ಐಡಿ, ಅಂದರೆ ಹಣ ಪಡೆಯುವವರ ಗುರುತಿನ ಸಂಖ್ಯೆ, ಮಾಡಿಸಿಡಿ. ಬಿಲ್ಲು ತಯಾರಿಸುವ ದಿನ ಐಎಫ್‌ಎಸ್‌ಸಿ ಕೋಡಿಗಾಗಿ ಫೋನ್ ಹಚ್ಚುವ ಪಾಡು ಬೇಡ.

ಧ್ವಜದ ಖರೀದಿಯಲ್ಲಿ ಮಾತ್ರ ನಾನು ಹಟಮಾರಿ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟಕ್ಕೂ ಧ್ವಜ ಸಂಹಿತೆಯಲ್ಲಿ ಅವಕಾಶವಿದೆ, ಅಗ್ಗವೂ ಹೌದು. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಐಎಸ್‌ಐ ಗುಣಮಟ್ಟದಲ್ಲಿ ಹೊಲಿಯುವ ಧ್ವಜ ನಮ್ಮ ರಾಜ್ಯದಲ್ಲೇ ಸಿಗುವಾಗ, ಸರ್ಕಾರಿ ಮೈದಾನದಲ್ಲಿ ಹಾರಬೇಕಾದ್ದು ಅದೇ. ಆಗಸ್ಟ್ ಹತ್ತಿರ ಬಂದಮೇಲೆ ಹುಡುಕಬೇಡಿ, ಮೊದಲೇ ತರಿಸಿ ದಾಸ್ತಾನು ವಹಿಗೆ ಹತ್ತಿಸಿ.

ಇನ್ನು ದಾನಿಗಳು. ಸಿಹಿಗೆ ಅಕ್ಕಿ ಗಿರಣಿಯವರು, ನೋಟ್‌ಬುಕ್ಕಿಗೆ ಯಾವುದೋ ಸಂಘದವರು ಮುಂದೆ ಬರುತ್ತಾರೆ, ಬರಲಿ. ಆದರೆ 'ತಗೊಳ್ಳಿ ಮೇಡಂ, ನೀವೇ ತರಿಸಿಬಿಡಿ' ಎಂದು ಕವರು ಮುಂದೆ ಮಾಡಿದರೆ ಕೈ ಹಿಂದಕ್ಕೆ ಇಟ್ಟುಕೊಳ್ಳಿ. ಅವರೇ ಬೇಕರಿಗೆ ನೇರ ದುಡ್ಡು ಕೊಡಲಿ, ನಮಗೆ ಲಡ್ಡು ಡಬ್ಬಿ ಬರಲಿ. ಹಂಚಿದ್ದಕ್ಕೆ ಆಯಾ ಶಾಲೆಯ ಮುಖ್ಯ ಶಿಕ್ಷಕರಿಂದ ಮಕ್ಕಳ ಸಂಖ್ಯೆ ಸಹಿತ ಒಂದು ಸಾಲಿನ ಸ್ವೀಕೃತಿ ಸಾಕು. ನಗದು ಮುಟ್ಟಿದ ದಿನ ಸರ್ಕಾರಿ ಲೆಕ್ಕದ ಜೊತೆ ಊರ ಬಾಯಿಗೂ ಲೆಕ್ಕ ಕೊಡಬೇಕಾಗುತ್ತದೆ.

ಗಣರಾಜ್ಯೋತ್ಸವದ ಬಿಲ್ಲಿಗೆ ಇನ್ನೊಂದು ಗಂಡಾಂತರವಿದೆ. ಆಗಸ್ಟ್ ಬಿಲ್ಲು ತಡವಾದರೂ ಹಣಕಾಸು ವರ್ಷ ಇನ್ನೂ ಉಳಿದಿರುತ್ತದೆ. ಜನವರಿ 26 ಮುಗಿದು ಎರಡು ತಿಂಗಳಿಗೆ ಮಾರ್ಚ್ 31. ಆಗ ಖಜಾನೆಯಲ್ಲಿ ಎಲ್ಲ ಇಲಾಖೆಗಳ ಬಿಲ್ಲುಗಳ ಜಾತ್ರೆ, ಒಂದು ಆಕ್ಷೇಪಣೆ ಬಿದ್ದರೂ ಅನುದಾನ ಲ್ಯಾಪ್ಸ್, ಅಂದರೆ ಕೈತಪ್ಪಿದಂತೆ. ಅದಕ್ಕೇ ಜನವರಿ 27ರ ಬೆಳಿಗ್ಗೆಯೇ ನಾನು ಪೆಂಡಾಲ್, ಮೈಕು, ಹೂವಿನವರನ್ನು ಕರೆಸಿ ಮೂಲ ಬಿಲ್ಲು ಕೈಗೆ ತೆಗೆದುಕೊಳ್ಳುತ್ತೇನೆ. 'ನಿಧಾನಕ್ಕೆ ಕೊಡ್ತೀನಿ ಬಿಡಿ ಮೇಡಂ' ಎನ್ನುವವರು ಹೂವಿನವರೊಬ್ಬರೇ. ಅವರ ಬಿಲ್ ಪುಸ್ತಕ ಯಾವಾಗಲೂ ಮನೆಯಲ್ಲೇ ಇರುತ್ತದೆ, ಹಾಗಾಗಿ ಹಾರದ ಜೊತೆಗೇ ಪುಸ್ತಕವನ್ನೂ ತನ್ನಿ ಅಂತ 25ಕ್ಕೇ ಹೇಳಿಡುತ್ತೇನೆ.